ಬೂಷ್ಟಿಗೆ ಬೇಲಿ ಇಲ್ಲ

ಹೋದ ವರ್ಷ ಆಗಸ್ಟ್ ಮೊದಲ ವಾರ. ಊರಲ್ಲಿ ಆಶ್ಲೇಷ ಮಳೆ ಹಿಡಿದುಕೊಂಡಿತ್ತು. ನಾನು ಮಹದೇವಪುರದ ಆಫೀಸಿನಲ್ಲಿ ಕೂತು, ಹಿಂದಿನ ವಾರ ತೋಟದಲ್ಲಿ ತೆಗೆದಿದ್ದ ಒಂದು ವಿಡಿಯೋಗೆ ಹಾಡು ಜೋಡಿಸ್ತಾ ಇದ್ದೆ. ಮಂಜು, ಸಿಲ್ವರ್ ಓಕ್ ಮರ, ಎಲೆಯ ತುದಿಯಿಂದ ಜಾರುವ ಹನಿ. ಹಾಕಿದ ಹತ್ತು ನಿಮಿಷಕ್ಕೆ ಅರವತ್ತು ಲೈಕ್ ಬಂತು. ಆಮೇಲೆ ಪಕ್ಕದ ತೋಟದ ಚಿಕ್ಕಯ್ಯ ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದರು. ಕಾಫಿ ಗಿಡದ ಒಂದು ಕೊಂಬೆ. ಎಲೆಗಳು ಕಪ್ಪಾಗಿ, ಕೊಳೆತು, ತೊಟ್ಟಿನಿಂದ ಕಳಚಿಕೊಂಡಿವೆ, ಆದರೆ ನೆಲಕ್ಕೆ ಬಿದ್ದಿಲ್ಲ. ಜೇಡರ ಬಲೆಯಂಥ ಒಂದು ಎಳೆ ಹಿಡಿದುಕೊಂಡು ಗಾಳಿಯಲ್ಲಿ ತೂಗಾಡ್ತಾ ಇವೆ. ಕೆಳಗೆ ಒಂದೇ ಸಾಲು: "ನಿಮ್ಮ ಬೇಲಿ ಕಡೆಯ ಸಾಲು ಮಾರಾಯ್ತಿ. ಹೋದ ವರ್ಷವೂ ಹೇಳಿದ್ದೆ."

ಸಿಟ್ಟು ಮಾಡಿಕೊಂಡಿದ್ದರೆ ಜಗಳ ಆಡಬಹುದಿತ್ತು. ಅವರು ಸಿಟ್ಟು ಮಾಡಿಕೊಂಡಿರಲಿಲ್ಲ. ಅಪ್ಪಯ್ಯ ತೀರಿಕೊಂಡು ಮೂರು ವರ್ಷ. ಕೊಟ್ಟಿಗೆಹಾರ ದಾಟಿ ಕಳಸದ ದಾರಿಯಲ್ಲಿ ನಮಗೆ ನಾಲ್ಕು ಎಕರೆ ತೋಟ ಇದೆ. ಪಹಣಿಯಲ್ಲಿ ನನ್ನ ಹೆಸರಿದೆ, ತೋಟದಲ್ಲಿ ನಾನಿಲ್ಲ. ಎರಡು ಬೇಸಿಗೆ ಮರಗಸಿ ಮಾಡಿಸಿರಲಿಲ್ಲ. ಮೇಲೆ ನೆರಳಿನ ಮರಗಳು ಕೈ ಕೈ ಹಿಡಿದುಕೊಂಡಿದ್ದವು, ಕೆಳಗೆ ಕಾಫಿ ಗಿಡಗಳು ಚಿಗುರು ಬಿಟ್ಟು ಪೊದೆಯಾಗಿದ್ದವು. ನನ್ನ ವಿಡಿಯೋದಲ್ಲಿ ಅಷ್ಟು ಚಂದ ಕಂಡ ಆ ಕಡುಹಸಿರು ಏನು ಅಂತ ಆ ಫೋಟೋ ನೋಡಿದ ಮೇಲೆ ಗೊತ್ತಾಯ್ತು. ಅದು ಕೊಳೆರೋಗಕ್ಕೆ ನಾನು ಹಾಸಿಕೊಟ್ಟ ಹಾಸಿಗೆ.

ಈ ಬರಹ ನನ್ನಂಥವರಿಗೆ. ಅಂದ್ರೆ ಚಿಕ್ಕಮಗಳೂರು, ಮೂಡಿಗೆರೆ, ಕಳಸ, ಕೊಪ್ಪ, ಶೃಂಗೇರಿಯಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಸಂಬಳ ಎಣಿಸಿ, ಊರಿನ ತೋಟವನ್ನು 'ಇರ್ಲಿ ಬಿಡು, ಆಸ್ತಿ' ಅಂತ ಇಟ್ಟುಕೊಂಡಿರುವವರಿಗೆ. ನನ್ನ ವಾದ ಒಂದೇ. 'ನನ್ನ ತೋಟ, ನನ್ನಿಷ್ಟ' ಅನ್ನೋ ಮಾತು ಮಳೆಗಾಲದ ಮಲೆನಾಡಿನಲ್ಲಿ ಸುಳ್ಳು. ಶಿಲೀಂಧ್ರ ಪಹಣಿ ಓದಲ್ಲ. ಪಾಳು ಬಿಟ್ಟ ತೋಟ ಪಕ್ಕದವರ ಮೇಲೆ ನಾವು ಮಾಡುವ ಅನ್ಯಾಯ, ಅದಕ್ಕೆ ಸೋಮಾರಿತನ, ಅನುಕೂಲ, ಪರಿಸರಪ್ರೇಮ ಅಂತ ಎಷ್ಟೇ ಚಂದದ ಹೆಸರಿಟ್ಟರೂ.

ಮೊದಲು ಈ ಕೊಳೆರೋಗದ ಕಥೆ ಕೇಳಿ. ಬೂಷ್ಟು ಅಂದ್ರೆ ನಮಗೆ ಮಳೆಗಾಲದಲ್ಲಿ ಚಪ್ಪಲಿ ಮೇಲೆ, ಉಪ್ಪಿನಕಾಯಿ ಜಾಡಿಯಲ್ಲಿ, ಬೀರುವಿನ ಹಿಂದಿನ ಗೋಡೆಯಲ್ಲಿ ಬರುವ ಬಿಳಿ ಪುಡಿ. ಶಿಲೀಂಧ್ರ ಸಸ್ಯ ಅಲ್ಲ, ಪ್ರಾಣಿಯೂ ಅಲ್ಲ. ಅದಕ್ಕೆ ಹೊಟ್ಟೆ ಇಲ್ಲ. ನಾವು ತಿಂದು ಆಮೇಲೆ ಅರಗಿಸಿಕೊಂಡರೆ, ಅದು ಮೊದಲು ಹೊರಗೇ ಅರಗಿಸಿ ಆಮೇಲೆ ಹೀರಿಕೊಳ್ಳುತ್ತೆ. ಕೂದಲಿಗಿಂತ ತೆಳುವಾದ ಎಳೆಗಳನ್ನು ಚಾಚಿ, ಎಲೆಯ ಮೇಲೋ ಸತ್ತ ದಿಮ್ಮಿಯ ಮೇಲೋ ಕಿಣ್ವ ಸುರಿದು, ಕರಗಿದ್ದನ್ನು ಕುಡಿಯುತ್ತೆ. ನಾವು ಕಿತ್ತು ಸಾರು ಮಾಡುವ ಅಣಬೆ ಈ ಎಳೆಗಳ ಜಾಲದ ಹೂವಿದ್ದ ಹಾಗೆ. ಗಿಡ ಇರೋದು ಮಣ್ಣಿನ ಒಳಗೆ.

ಕಾಫಿಯ ಕೊಳೆರೋಗದಲ್ಲಿ ಈ ಎಳೆಗಳು ಕೊಂಬೆಯ ಉದ್ದಕ್ಕೂ ಹರಿದು, ಎಲೆಯ ಅಡಿಗೆ ಹೋಗಿ, ಅಲ್ಲಿ ತೆಳ್ಳನೆ ಪೊರೆ ಕಟ್ಟುತ್ತವೆ. ಉಗುರಲ್ಲಿ ಕೆರೆದರೆ ಸಿಪ್ಪೆಯ ಹಾಗೆ ಬರುತ್ತೆ. ಎಲೆ ಕಪ್ಪಾಗಿ ಕಳಚಿದರೂ ಅದೇ ಎಳೆ ಹಿಡಿದುಕೊಂಡು ನೇತಾಡುತ್ತೆ. ನೇತಾಡುವ ಎಲೆ ಪಕ್ಕದ ಎಲೆಗೆ ತಾಗುತ್ತೆ, ಎಳೆ ಅಲ್ಲಿಗೆ ದಾಟುತ್ತೆ. ಕಾಯಿಗೂ ದಾಟುತ್ತೆ, ಕಾಯಿಯೂ ಕಪ್ಪಾಗಿ ಉದುರುತ್ತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಬಿಡದ ಮಳೆ, ಕದಲದ ಮಂಜು, ದಟ್ಟ ನೆರಳು, ಗಾಳಿಯಾಡದ ತಗ್ಗು ಇದ್ದ ಕಡೆ ಇದರ ರಾಜ್ಯಭಾರ. ಮಳೆ ನಿಂತ ಮೇಲೆ ಸಾಯುತ್ತಾ? ಇಲ್ಲ. ಕೊಂಬೆಗೆ ಅಂಟಿಕೊಂಡು ಮಲಗಿರುತ್ತೆ, ಮುಂದಿನ ಮುಂಗಾರಿಗೆ ಎದ್ದೇಳುತ್ತೆ. ನಾನು ಎರಡು ವರ್ಷ ಗಿಡಗಸಿ ಮಾಡಿಸದೆ ಉಳಿಸಿಕೊಂಡಿದ್ದು ಈ ಮಲಗಿದ ಎಳೆಗಳನ್ನೇ.

ಇಲ್ಲೊಂದು ತಮಾಷೆ ಇದೆ. 1876ರಲ್ಲಿ ಮೈಸೂರು ಸೀಮೆಯ ಕಾಫಿ ಎಲೆಗಳನ್ನು ಪರೀಕ್ಷೆ ಮಾಡಿದ ಇಂಗ್ಲೆಂಡಿನ ಎಂ. ಸಿ. ಕುಕ್ ಎಂಬ ಶಿಲೀಂಧ್ರ ವಿಜ್ಞಾನಿ ಇದಕ್ಕೆ 'ಪೆಲಿಕ್ಯುಲೇರಿಯಾ ಕೊಲೆರೋಗ' ಅಂತ ಹೆಸರಿಟ್ಟ. ಆಮೇಲೆ ಬಂದ ಇನ್ನೊಂದು ಹೆಸರು 'ಕೊಲೆರೋಗ ನಾಕ್ಸಿಯಾ'. ಲ್ಯಾಟಿನ್ ಹೆಸರಿನಲ್ಲಿ ಕನ್ನಡದ ಪದ! ಕೊಲಂಬಿಯಾದ ಕಾಫಿ ವಿಜ್ಞಾನಿಗಳೂ ಇದನ್ನು ಕೊಲೆರೋಗ ಅಂತಲೇ ಬರೆಯುತ್ತಾರೆ. ನವೆಂಬರ್ ಒಂದಕ್ಕೆ ಡಿಪಿ ಬದಲಾಯಿಸುವ ನಮ್ಮಲ್ಲಿ ಎಷ್ಟು ಜನಕ್ಕೆ ಇದು ಗೊತ್ತು? ಜಗತ್ತಿಗೆ ಒಂದು ರೋಗದ ಹೆಸರು ಕೊಟ್ಟ ಊರಿನ ಮಕ್ಕಳು ನಾವು. ಈಗ ರೋಗವನ್ನೂ ನಾವೇ ಸಾಕಿ ಪಕ್ಕದವರಿಗೆ ಹಂಚುತ್ತಾ ಇದ್ದೀವಿ.

ಕಾಫಿಯ ಇನ್ನೊಂದು ಶತ್ರು ಎಲೆತುಕ್ಕು. ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ. ಬೆರಳಿಗೆ ಅರಿಶಿನದ ಹಾಗೆ ಅಂಟುತ್ತೆ. ಆ ಪುಡಿಯ ಒಂದೊಂದು ಕಣವೂ ಒಂದು ಬೀಜಕಣ, ಒಂದೊಂದು ಚುಕ್ಕೆಯಿಂದಲೂ ಲಕ್ಷಗಟ್ಟಲೆ. ಗಾಳಿ, ಮಳೆಹನಿ, ಕೆಲಸದವರ ಬಟ್ಟೆ, ನಮ್ಮ ವೀಕೆಂಡ್ ಜಾಕೆಟ್ಟು, ಯಾವುದರ ಮೇಲಾದರೂ ಹತ್ತಿ ಹೋಗುತ್ತೆ. ಎಲೆಯ ಮೇಲೆ ನೀರಿನ ಒಂದು ಪದರ ಸಿಕ್ಕರೆ ಮೊಳೆತು, ಎಲೆ ಉಸಿರಾಡುವ ರಂಧ್ರದ ಮೂಲಕವೇ ಒಳಗೆ ನುಗ್ಗುತ್ತೆ. ಗಿಡವನ್ನು ತಕ್ಷಣ ಕೊಲ್ಲಲ್ಲ, ಯಾಕಂದ್ರೆ ಬದುಕಿರುವ ಕಾಫಿ ಎಲೆ ಬಿಟ್ಟು ಇದಕ್ಕೆ ಬೇರೆ ಊಟ ಇಲ್ಲ. ಎಲೆ ಉದುರಿಸುತ್ತೆ, ಗಿಡ ಬೋಳಾಗುತ್ತೆ, ಮುಂದಿನ ವರ್ಷದ ಫಸಲು ಹೋಗುತ್ತೆ.

ಇದು ಸಿಲೋನಿಗೆ ಮಾಡಿದ್ದನ್ನು ನೋಡಿ. 1869ರಲ್ಲಿ ಅಲ್ಲಿ ಮೊದಲು ಕಾಣಿಸಿಕೊಂಡಾಗ ಪ್ಲಾಂಟರುಗಳು ತಲೆ ಕೆಡಿಸಿಕೊಳ್ಳಲಿಲ್ಲ. ಕಾರಣ? ಕಾಫಿ ಬೆಲೆ ಏರ್ತಾ ಇತ್ತು. ಎಕರೆಗೆ ಫಸಲು ಕಮ್ಮಿಯಾದರೂ ದುಡ್ಡು ಬರ್ತಿತ್ತು, ಇನ್ನಷ್ಟು ಕಾಡು ಕಡಿದು ಇನ್ನಷ್ಟು ಕಾಫಿ ಹಾಕಿದರು. ಬೆಟ್ಟದಿಂದ ಬೆಟ್ಟಕ್ಕೆ ಒಂದೇ ಗಿಡ, ನಡುವೆ ಗಾಳಿ ತಡೆಯಲು ಏನೂ ಇಲ್ಲ. 1880ರಲ್ಲಿ ಮಾರ್ಷಲ್ ವಾರ್ಡ್ ಎಂಬ ಯುವ ವಿಜ್ಞಾನಿ ಬಂದು ಎರಡು ವರ್ಷ ಕೂತು ಅಧ್ಯಯನ ಮಾಡಿ, ಬೀಜಕಣ ಗಾಳಿಯಲ್ಲಿ ಹೋಗುತ್ತೆ, ಹೀಗೆ ಒಂದೇ ಬೆಳೆ ಹಾಸಿದರೆ ಉಳಿಗಾಲ ಇಲ್ಲ ಅಂತ ತೋರಿಸಿಕೊಟ್ಟ. ಅಷ್ಟರಲ್ಲಿ ತಡವಾಗಿತ್ತು. ಶತಮಾನ ಮುಗಿಯುವ ಹೊತ್ತಿಗೆ ಸಿಲೋನ್ ಅಂದ್ರೆ ಕಾಫಿ ಅಲ್ಲ, ಟೀ ಅಂತಾಯ್ತು.

ಬೆಲೆ ಏರಿದಾಗ ರೋಗ ಕಾಣಲ್ಲ ಅನ್ನೋ ಈ ಪಾಠ ಇವತ್ತು ನಮಗೆ ಬೇಕಾದದ್ದು. 2025ರ ಫೆಬ್ರವರಿಯಲ್ಲಿ ಅರೇಬಿಕಾ ಬೆಲೆ ಜಾಗತಿಕ ಮಾರುಕಟ್ಟೆಯಲ್ಲಿ ದಾಖಲೆ ಮುಟ್ಟಿತು. ಬೆಂಗಳೂರಿನ ನನ್ನ ಎಷ್ಟೋ ಗೆಳೆಯರಿಗೆ ದಿಢೀರನೆ ತೋಟದ ನೆನಪಾಯ್ತು. ಆದರೆ ನೆನಪಾದದ್ದು ಏನು? ಕೊಯ್ಲು. ಚೇಣಿ ಎಷ್ಟಕ್ಕೆ ಹೋಗುತ್ತೆ, ಚೆರಿ ಮೂಟೆಗೆ ಎಷ್ಟು, ಮೆಣಸು ಈಗ ಮಾರೋದಾ ಕಾಯೋದಾ. ಮೇ ತಿಂಗಳಲ್ಲಿ ಬೋರ್ಡೋ ಹೊಡೆಸಿದೆಯಾ ಅಂತ ಯಾರೂ ಯಾರನ್ನೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಈಗ ನಮ್ಮ ಸಮರ್ಥನೆಗಳಿಗೆ ಬರೋಣ. ಇವನ್ನೆಲ್ಲ ನಾನೇ ಹೇಳಿದವಳು, ಹಾಗಾಗಿ ಬಾಯಿಪಾಠ.

ಒಂದು: 'ಆಳು ಸಿಗಲ್ಲ.' ನಿಜ, ಸಿಗಲ್ಲ. ಚಿಕ್ಕಯ್ಯನಿಗೂ ಸಿಗಲ್ಲ. ಅರವತ್ತೆಂಟು ವರ್ಷದ ಮನುಷ್ಯ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು, ಮಳೆ ಬಿಟ್ಟ ಎರಡು ಗಂಟೆಯಲ್ಲಿ ತಾನೇ ಸಾಲು ಸಾಲು ಹೋಗಿ ಕಪ್ಪಾದ ಎಲೆ ಬಿಡಿಸಿ ಗುಂಡಿಗೆ ಹಾಕಿ ಮುಚ್ಚುತ್ತಾರೆ. ಆಳಿನ ಅಭಾವ ಇಬ್ಬರಿಗೂ ಒಂದೇ. ವ್ಯತ್ಯಾಸ ಏನಂದ್ರೆ, ನನ್ನ ಅಭಾವದ ಖರ್ಚೂ ಅವರ ತಲೆ ಮೇಲೆ ಬೀಳ್ತಾ ಇದೆ.

ಎರಡು: 'ಮಳೆ ಹೀಗಾದ್ರೆ ಏನ್ ಮಾಡೋಕಾಗುತ್ತೆ, ಹವಾಮಾನ ಬದಲಾವಣೆ.' ಇದೂ ಅರ್ಧ ನಿಜ. ಮಳೆ ನಮ್ಮ ಕೈಯಲ್ಲಿಲ್ಲ. ಆದರೆ ರೋಗಕ್ಕೆ ಮೂರು ಬೇಕು: ಶಿಲೀಂಧ್ರ, ಅದಕ್ಕೆ ಒಗ್ಗುವ ಗಿಡ, ಒದ್ದೆ ವಾತಾವರಣ. ಮಳೆ ಎಲ್ಲರ ತೋಟಕ್ಕೂ ಸುರಿಯುತ್ತೆ. ಮಳೆ ಬಿಟ್ಟ ಮೇಲೆ ಎಲೆ ಎಷ್ಟು ಹೊತ್ತು ಒದ್ದೆ ಇರಬೇಕು ಅನ್ನೋದನ್ನು ನೆರಳು ತೀರ್ಮಾನಿಸುತ್ತೆ, ನೆರಳನ್ನು ಮರಗಸಿ ತೀರ್ಮಾನಿಸುತ್ತೆ. ಮರಗಸಿ ಮಾಡಿಸದೆ ಹವಾಮಾನವನ್ನು ಬೈಯೋದು, ಕಿಟಕಿ ಹಾಕದೆ ಮನೆ ಒಳಗೆ ನೀರು ಬಂತು ಅಂತ ಅಳೋದು ಎರಡೂ ಒಂದೇ.

ಮೂರು: 'ನಾವು ನ್ಯಾಚುರಲ್ ಆಗಿ ಬಿಟ್ಟಿದ್ದೀವಿ.' ಇದು ನಮ್ಮ ತಲೆಮಾರಿನ ಅತ್ಯಂತ ಸುಂದರ ಸುಳ್ಳು. ತೇಜಸ್ವಿ ಓದಿ ಕಾಡಿನ ಮೇಲೆ ಪ್ರೀತಿ ಬಂದಿರಬಹುದು, ಬರಲಿ. ಆದರೆ ತೇಜಸ್ವಿ ಮೂಡಿಗೆರೆಯಲ್ಲಿ ಕಾಫಿ ತೋಟ ಮಾಡಿ ಬದುಕಿದವರು. ಕಾಡಿಗೂ ತೋಟಕ್ಕೂ ಇರುವ ವ್ಯತ್ಯಾಸ ಅಲ್ಲಿ ಬದುಕಿದವರಿಗೆ ಗೊತ್ತಿರುತ್ತೆ. ಕಾಡಿನಲ್ಲಿ ನೂರು ಜಾತಿಯ ಗಿಡ ಒತ್ತಿಕೊಂಡಿರುತ್ತೆ, ಒಂದು ಶಿಲೀಂಧ್ರಕ್ಕೆ ತನ್ನ ಗಿಡದಿಂದ ತನ್ನ ಇನ್ನೊಂದು ಗಿಡಕ್ಕೆ ಹೋಗೋದು ಕಷ್ಟ. ಸಾಲಾಗಿ ಒಂದೇ ಗಿಡ ನೆಟ್ಟು ಕೈಬಿಟ್ಟರೆ ಅದು ಕಾಡಾಗಲ್ಲ. ಊಟ ಬಡಿಸಿ ಹೋದ ಪಂಕ್ತಿ ಆಗುತ್ತೆ. ನಿಜವಾಗಿ ಸಾವಯವ ಮಾಡುವವರನ್ನು ನೋಡಿದ್ದೀನಿ, ಅವರು ರಾಸಾಯನಿಕ ಹೊಡೆಯುವವರಿಗಿಂತ ಹೆಚ್ಚು ಹೊತ್ತು ತೋಟದಲ್ಲೇ ಇರ್ತಾರೆ.

ಹಾಗಂತ ಎದುರು ತುದಿಗೆ ಜಿಗಿಯೋದೂ ಬೇಡ. ಆ ಫೋಟೋ ಬಂದ ದಿನ ನಾನು ಮೊದಲು ಮಾಡಿದ್ದು ಏನು ಗೊತ್ತಾ? ಅಂಗಡಿಗೆ ಫೋನ್ ಮಾಡಿ, "ಎಲ್ಲಕ್ಕಿಂತ ಸ್ಟ್ರಾಂಗ್ ಇರೋದು ಕೊಡಿ, ಕಾಸು ಎಷ್ಟಾದ್ರೂ ಆಗ್ಲಿ" ಅಂದೆ. ಮೂರು ವರ್ಷದ ಗೈರುಹಾಜರಿಯನ್ನು ಒಂದು ಬಾಟ್ಲಿಯಲ್ಲಿ ತೀರಿಸಿಬಿಡುವ ಆತುರ. ಆಮೇಲೆ ಚಿಕ್ಕಯ್ಯನೇ ತಡೆದರು. "ಈಗ ಹೊಡೆದ್ರೆ ಮಳೆ ತೊಳ್ಕೊಂಡು ಹಳ್ಳಕ್ಕೆ ಹೋಗ್ತದೆ. ಮೊದ್ಲು ಎಲೆ ಬಿಡಿಸು. ಹೊಡೆಯೋದು ಮಳೆಗೆ ಮುಂಚೆ."

ಇದೇ ಇಡೀ ವಿಷಯದ ಮರ್ಮ. ಬೋರ್ಡೋ ದ್ರಾವಣ ಔಷಧಿ ಅಲ್ಲ, ಕೊಡೆ. ಮಳೆ ಬರುವ ಮೊದಲು ಬಿಚ್ಚಬೇಕು. ಅದರ ಹುಟ್ಟೂ ಚಂದ: ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಬದಿಯ ದ್ರಾಕ್ಷಿ ಕದಿಯುವವರನ್ನು ಹೆದರಿಸಲು ರೈತರು ಬಳ್ಳಿಗೆ ಮೈಲುತುತ್ತ, ಸುಣ್ಣ ಬೆರೆಸಿ ಬಳಿಯುತ್ತಿದ್ದರು. 1882ರಲ್ಲಿ ಮಿಲ್ಲಾರ್ಡೆ ಎಂಬ ಸಸ್ಯವಿಜ್ಞಾನಿ ಗಮನಿಸಿದ್ದು, ಆ ನೀಲಿ ಬಳಿದ ಬಳ್ಳಿಗಳಿಗೆ ಮಾತ್ರ ರೋಗ ಇರಲಿಲ್ಲ. ನಮ್ಮ ಕಡೆಗೆ ಅದನ್ನು ತಂದು ನಿಲ್ಲಿಸಿದವರು ಲೆಸ್ಲಿ ಕೋಲ್‌ಮನ್. ಕೆನಡಾದ ಮನುಷ್ಯ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು, ಮಲೆನಾಡಿನ ಅಡಿಕೆ ಕೊಳೆಯ ಬೆನ್ನು ಹತ್ತಿ, 1910ರಲ್ಲಿ ಅದರ ಬಗ್ಗೆ ವರದಿ ಬರೆದರು. ಅಡಿಕೆ ಕೊಳೆ ಮಾಡುವ ಫೈಟಾಫ್ತೊರಾ ಜೀವಿಯನ್ನು ಇವತ್ತಿನ ವಿಜ್ಞಾನ ಶಿಲೀಂಧ್ರದ ಗುಂಪಿಗೆ ಸೇರಿಸಲ್ಲ, ಅದು ಪಾಚಿಗಳಿಗೆ ಹತ್ತಿರದ ನೆಂಟ. ಮೆಣಸಿನ ಬಳ್ಳಿಯ ಸೊರಗು ರೋಗವೂ ಅದರ ಕುಲದ್ದೇ. ಆದರೆ ಬದುಕುವ ರೀತಿ ಶಿಲೀಂಧ್ರದ್ದೇ, ಮಳೆನೀರಿನಲ್ಲಿ ಈಜುತ್ತಾ ಗೊನೆಯಿಂದ ಗೊನೆಗೆ ಹೋಗುತ್ತೆ. ಆ ಕಾಲದಲ್ಲಿ ಜನ ಗೊನೆಗೆ ಕೊಟ್ಟೆ ಕಟ್ಟಿ ಮಳೆ ತಡೆಯುತ್ತಿದ್ದರು. ಅದರ ಜಾಗಕ್ಕೆ ಬೋರ್ಡೋ ಬಂತು.

ಲೆಕ್ಕ ಸರಳ. ಶೇಕಡ ಒಂದರ ದ್ರಾವಣಕ್ಕೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಬೇರೆ ಬೇರೆ ಕರಗಿಸಿ ಆಮೇಲೆ ಬೆರೆಸಬೇಕು. ಕಬ್ಬಿಣದ ಕತ್ತಿ ಅದ್ದಿದಾಗ ಕೆಂಪು ಹಿಡಿದರೆ ಸುಣ್ಣ ಸಾಲದು ಅಂತ ಅರ್ಥ. ಇದಕ್ಕೆ ಆ್ಯಪ್ ಬೇಡ. ಮುಂಗಾರಿಗೆ ಮುಂಚೆ ಒಂದು ಸಲ, ನಡುವೆ ಮಳೆ ಬಿಡುವು ಕೊಟ್ಟಾಗ ಇನ್ನೊಂದು ಸಲ ಅನ್ನೋ ಶಿಸ್ತು ಬೇಕು. ತಾಮ್ರವನ್ನು ವರ್ಷಗಟ್ಟಲೆ ಬೇಕಾಬಿಟ್ಟಿ ಸುರಿದರೆ ಮಣ್ಣಿನಲ್ಲಿ ಸೇರಿಕೊಂಡು ಅಲ್ಲಿನ ಜೀವಗಳಿಗೂ ತೊಂದರೆ. ಅದಕ್ಕೇ ಹದವಾದ ನೆರಳು ಮೊದಲು, ಬೋರ್ಡೋ ಆಮೇಲೆ, ಬಾಟ್ಲಿ ಕೊನೆಗೆ.

ಇನ್ನೊಂದು ಮಾತು. ಎಲ್ಲ ಶಿಲೀಂಧ್ರವೂ ಶತ್ರು ಅಲ್ಲ. ತೋಟದಲ್ಲಿ ಉದುರಿದ ಎಲೆ ಗೊಬ್ಬರವಾಗೋದು ಅವುಗಳಿಂದ. ಕಾಫಿ ಬೇರಿನ ಜೊತೆ ಸೇರಿಕೊಂಡು ಗಿಡಕ್ಕೆ ರಂಜಕ ಎತ್ತಿಕೊಡೋದೂ ಶಿಲೀಂಧ್ರವೇ. ಕಾಯಿಕೊರಕದ ಮೈಮೇಲೆ ಬೆಳೆದು ಅದನ್ನು ಕೊಲ್ಲುವ ಬ್ಯೂವೇರಿಯಾ ಎಂಬ ಬಿಳಿ ಶಿಲೀಂಧ್ರವನ್ನು ಕಾಫಿ ಮಂಡಳಿಯವರೇ ಬಳಸಲು ಹೇಳುತ್ತಾರೆ. ಹಸಿರು ಶಲ್ಕಕೀಟವನ್ನು ತಿನ್ನುವ ಇನ್ನೊಂದು ಬಿಳಿ ಬೂಷ್ಟು ಎಲೆತುಕ್ಕಿನ ಮೇಲೂ ಬೆಳೆಯುತ್ತೆ. ಕಣ್ಣು ಮುಚ್ಚಿ ಶಿಲೀಂಧ್ರನಾಶಕ ಸುರಿದಾಗ ಸಾಯುವುದು ಈ ಬಂಟರೂ ಹೌದು.

ಜಾಸ್ತಿ ಹೊಡೆದರೆ ಇನ್ನೊಂದು ಅಪಾಯ ಇದೆ. ಶಿಲೀಂಧ್ರ ಕಲಿಯುತ್ತೆ. ಇದನ್ನು ಜಗತ್ತಿಗೆ ತೋರಿಸಿದ್ದರಲ್ಲಿ ನಮ್ಮ ಜಿಲ್ಲೆಯ ಪಾಲಿದೆ. 1911ರ ಸುಮಾರಿಗೆ ದೊಡ್ಡೇನಗುಡ್ಡ ತೋಟದಲ್ಲಿ ಕೆಂಟ್ ಎಂಬ ಪ್ಲಾಂಟರ್ ತುಕ್ಕು ತಗಲದ ಗಿಡ ಆರಿಸಿದ. 'ಕೆಂಟ್ಸ್' ತಳಿ ಎಲ್ಲೆಡೆ ಹಬ್ಬಿತು. ಕೆಲವೇ ವರ್ಷದಲ್ಲಿ ಅದಕ್ಕೂ ತುಕ್ಕು ಬಂತು. 1925ರಲ್ಲಿ ಬಾಳೆಹೊನ್ನೂರಿನ ಹತ್ತಿರ ಕಾಫಿ ಸಂಶೋಧನಾ ಕೇಂದ್ರ ಶುರುವಾಯ್ತು. 1930ರ ದಶಕದಲ್ಲಿ ಅಲ್ಲಿ ಕೆಲಸ ಮಾಡಿದ ಮೇಯ್ನ್ ಎಂಬ ವಿಜ್ಞಾನಿ ತುಕ್ಕು ಒಂದೇ ಅಲ್ಲ, ಅದರಲ್ಲಿ ಬೇರೆ ಬೇರೆ ಬಣಗಳಿವೆ ಅಂತ ಕಂಡುಹಿಡಿದರು. ಆಮೇಲೆ ಎಸ್. 795 ಬಂತು, ಕಾವೇರಿ ಬಂತು, 2007ರಲ್ಲಿ ಚಂದ್ರಗಿರಿ ಬಂತು. ತುಕ್ಕಿನ ಬಣಗಳು ಈಗ ಜಗತ್ತಿನಲ್ಲಿ 50ಕ್ಕೂ ಹೆಚ್ಚು. ಯಾವ ತಳಿಯೂ ಶಾಶ್ವತ ಅಲ್ಲ, ಯಾವ ಬಾಟ್ಲಿಯೂ ಅಲ್ಲ.

'ಇದೆಲ್ಲ ಊರಿನ ಕಥೆ, ನಮಗೆ ತೋಟ ಇಲ್ಲವಲ್ಲ' ಅಂತ ಇಷ್ಟು ಹೊತ್ತು ಆರಾಮಾಗಿ ಓದ್ತಾ ಇರುವ ಪಿಜಿ ವಾಸಿಗಳೇ, ನಿಮ್ಮ ಸರದಿ. ತೊಡೆಸಂದಿಯಲ್ಲಿ ಹುಳುಕಡ್ಡಿ ಆದಾಗ ಏನು ಮಾಡ್ತೀರಿ? ಮೆಡಿಕಲ್ ಶಾಪಿಗೆ ಹೋಗಿ, ಡಾಕ್ಟರ ಚೀಟಿ ಇಲ್ಲದೆ, ಸ್ಟೀರಾಯ್ಡ್ ಬೆರೆತ ಟ್ಯೂಬ್ ತಗೋತೀರಿ. ಎರಡು ದಿನಕ್ಕೆ ತುರಿಕೆ ಮಾಯ. ಸ್ಟೀರಾಯ್ಡು ಉರಿ ಅಡಗಿಸಿದೆ, ಶಿಲೀಂಧ್ರಕ್ಕೆ ಏನೂ ಆಗಿಲ್ಲ. ನಿಮ್ಮ ಚರ್ಮದ ಕಾವಲನ್ನು ಮಲಗಿಸಿದ್ದರಿಂದ ಅದು ಇನ್ನೂ ಹಾಯಾಗಿ ಹಬ್ಬುತ್ತೆ, ರೂಮ್‌ಮೇಟಿನ ಟವೆಲ್ಲಿಗೂ ಹೋಗುತ್ತೆ. ಹೀಗೆ ಅರೆಬರೆ ಚಿಕಿತ್ಸೆ ಆಗಿ ಆಗಿ, ಸಾಮಾನ್ಯ ಮಾತ್ರೆಗೆ ಬಗ್ಗದ ಒಂದು ಹುಳುಕಡ್ಡಿ ಶಿಲೀಂಧ್ರ ನಮ್ಮ ದೇಶದಲ್ಲಿ ಹಬ್ಬಿದೆ. 2020ರಲ್ಲಿ ಅದಕ್ಕೆ ಹೆಸರೇ 'ಟ್ರೈಕೊಫೈಟಾನ್ ಇಂಡೊಟಿನಿಯೆ' ಅಂತ ಇಟ್ಟರು. ಈಗ ವಿದೇಶಗಳಲ್ಲೂ ಸಿಗ್ತಾ ಇದೆ. ಕೊಳೆರೋಗದ ಹಾಗೆ ಇಲ್ಲೂ ಹೆಸರು ನಮ್ಮದು!

ತೋಟಕ್ಕೂ ಆಸ್ಪತ್ರೆಗೂ ನೇರ ನಂಟೂ ಇದೆ. ಗಿಡಕ್ಕೆ ಹೊಡೆಯುವ ಪ್ರೊಪಿಕೊನಜೋಲ್, ಟೆಬುಕೊನಜೋಲ್, ಮನುಷ್ಯರ ಶ್ವಾಸಕೋಶದ ಸೋಂಕಿಗೆ ಕೊಡುವ ವೊರಿಕೊನಜೋಲ್, ಇವೆಲ್ಲ 'ಏಜೋಲ್' ಅನ್ನೋ ಒಂದೇ ಮನೆತನ. ಕೊಳೆಯುವ ಕಸದಲ್ಲಿ ಬೆಳೆಯುವ ಆಸ್ಪರ್ಜಿಲಸ್ ಎಂಬ ಬೂಷ್ಟಿನ ಬೀಜಕಣವನ್ನು ನಾವೆಲ್ಲ ದಿನಾ ಉಸಿರಾಡ್ತೀವಿ. ಆರೋಗ್ಯವಂತರಿಗೆ ಏನೂ ಆಗಲ್ಲ, ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಪ್ರಾಣಾಪಾಯ. ಹೊಲದಲ್ಲಿ ಏಜೋಲ್‌ಗೆ ಒಗ್ಗಿಕೊಂಡ ಆಸ್ಪರ್ಜಿಲಸ್ ರೋಗಿಯ ಎದೆಗೆ ಹೋದರೆ ಅಲ್ಲಿ ಔಷಧಿ ಕೆಲಸ ಮಾಡಲ್ಲ. ನೆದರ್ಲೆಂಡ್ಸ್‌ನಲ್ಲಿ ಮೊದಲು ಇದನ್ನು ಗುರುತಿಸಿದರು, 2012ರ ಹೊತ್ತಿಗೆ ಭಾರತದ ಮಣ್ಣಿನ ಮಾದರಿಗಳಲ್ಲೂ ಸಿಕ್ಕಿತು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಮಾಡಿದ ಅಪಾಯಕಾರಿ ಶಿಲೀಂಧ್ರಗಳ ಪಟ್ಟಿಯ ಮೊದಲ ಸಾಲಿನಲ್ಲೇ ಇದು ಇದೆ. ಅಂದಮೇಲೆ ತಪ್ಪು ಹೊತ್ತಿಗೆ, ಬೇಕಾದ್ದಕ್ಕಿಂತ ಹೆಚ್ಚು 'ಸ್ಟ್ರಾಂಗ್ ಬಾಟ್ಲಿ' ಹೊಡೆಯೋದೂ ನನ್ನ ಬೇಲಿಯೊಳಗಿನ ವಿಷಯ ಅಲ್ಲ.

ಎಲ್ಲರೂ ಸೇರಿ ಮಾಡದಿದ್ದರೆ ಏನಾಗುತ್ತೆ ಅಂತ ನೋಡಬೇಕಾದ್ರೆ ಕಳಸಕ್ಕೆ ಹೋಗಿ. ಅಡಿಕೆಯ ಎಲೆಚುಕ್ಕಿ ರೋಗ ಅಲ್ಲಿ ಹೊಸದಲ್ಲ, ಆದರೆ 2022ರ ಮಳೆಗಾಲದ ಆಸುಪಾಸಿನಲ್ಲಿ ಕಳಸ, ಶೃಂಗೇರಿ, ತೀರ್ಥಹಳ್ಳಿ, ಹೊಸನಗರ ಕಡೆ ಕಂಡ ರೀತಿ ಹೊಸದು. ದೂರದಿಂದ ತೋಟ ಸುಟ್ಟ ಹಾಗೆ ಕಾಣುತ್ತೆ. ಅದಕ್ಕೆ ಕಾರಣವಾದ ಕೊಲೆಟೋಟ್ರೈಕಮ್ ಶಿಲೀಂಧ್ರ ಒಣಗಿ ನೇತಾಡುವ ಸೋಗೆಯಲ್ಲೇ ಉಳಿದು ಮುಂದಿನ ಮಳೆಗೆ ಮತ್ತೆ ಹಾರುತ್ತೆ. ವಿಜ್ಞಾನಿಗಳು ಹೇಳ್ತಾ ಇರೋದು: ರೋಗದ ಸೋಗೆ ಕತ್ತರಿಸಿ ಸುಡಿ, ಔಷಧಿಯನ್ನು ಒಂದು ಪ್ರದೇಶದವರೆಲ್ಲ ಒಟ್ಟಿಗೆ ಹೊಡೆಯಿರಿ. ನಾಲ್ಕು ತೋಟದವರು ಹೊಡೆದು, ನಡುವಿನ ಒಬ್ಬ ಬೆಂಗಳೂರಿನಲ್ಲಿ ಕೂತಿದ್ದರೆ ಆ ನಾಲ್ವರ ದುಡ್ಡೂ ನೀರಲ್ಲಿ ಹೋಮ.

ಇದನ್ನು ಕಾನೂನೂ ಒಪ್ಪುತ್ತೆ. 'ಕರ್ನಾಟಕ ಕೃಷಿ ಪೀಡೆ ಮತ್ತು ರೋಗಗಳ ಅಧಿನಿಯಮ, 1968' ಅಂತ ಒಂದಿದೆ. ಒಂದು ರೋಗವನ್ನು ಸರ್ಕಾರ ಅಧಿಸೂಚನೆಯಲ್ಲಿ ಸೇರಿಸಿದರೆ, ಆ ಪ್ರದೇಶದ ಜಮೀನುದಾರ ನಿಯಂತ್ರಣ ಕ್ರಮ ತಗೊಳ್ಳಲೇಬೇಕು. ತಗೊಳ್ಳದಿದ್ದರೆ ಅಧಿಕಾರಿ ತಾನೇ ಮಾಡಿಸಿ ಖರ್ಚನ್ನು ವಸೂಲಿ ಮಾಡಬಹುದು. ನಾನು ಈ ಕಾನೂನು ನಾಳೆಯೇ ಲಾಠಿ ಹಿಡಿದು ಬರಲಿ ಅಂತ ಕೇಳ್ತಾ ಇಲ್ಲ. ಲಾಠಿ ಬಂದರೆ ಮೊದಲು ಬೀಳೋದು ಅರ್ಧ ಎಕರೆಯ ಬಡವನಿಗೆ. ಆದರೆ ಅದರ ಹಿಂದಿನ ತತ್ವ ನೋಡಿ: ನಿನ್ನ ಗಿಡದ ರೋಗ ನಿನ್ನೊಬ್ಬನದಲ್ಲ.

ಹಾಗಾದರೆ ಏನು ಮಾಡೋದು? ಕೆಲಸ ಬಿಟ್ಟು ಊರಿಗೆ ಹೋಗಿ ಅಂತ ಹೇಳುವ ಯೋಗ್ಯತೆ ನನಗಿಲ್ಲ, ನಾನೇ ಹೋಗಿಲ್ಲ. ಮೂರೇ ದಾರಿ. ನೀವೇ ಮಾಡಿಸಿ: ಮಾರ್ಚ್‌ನಿಂದ ಮೇ ಒಳಗೆ ಮರಗಸಿ, ಗಿಡಗಸಿ, ಬೋರ್ಡೋ, ಇವಕ್ಕೆ ರಜೆ ಹಾಕಿ. ಗೋವಾಕ್ಕೆ ಹಾಕ್ತೀವಲ್ಲ, ಹಾಗೆ. ಅದಾಗದಿದ್ದರೆ ಮಾಡುವವರಿಗೆ ಗೇಣಿಗೋ ಪಾಲಿಗೋ ಕಾಗದ ಮಾಡಿ ಕೊಡಿ. ಫಸಲು ಮಾತ್ರ ಚೇಣಿಗೆ ಕೊಟ್ಟರೆ ಚೇಣಿದಾರನಿಗೆ ಮುಂದಿನ ವರ್ಷದ ಗಿಡದ ಚಿಂತೆ ಯಾಕಿರುತ್ತೆ? ಅದೂ ಆಗದಿದ್ದರೆ ಕನಿಷ್ಠ ಬೇಲಿಯುದ್ದದ ಸಾಲುಗಳನ್ನು ಪಕ್ಕದವರ ಕೈಗೆ ಕೊಟ್ಟು, ಖರ್ಚು ನೀವು ಹಾಕಿ. ಇದು ಉಪಕಾರ ಅಲ್ಲ, ಬಾಕಿ ಚುಕ್ತಾ.

ನಾನು ಈ ವರ್ಷ ಎರಡನೇ ದಾರಿ ಹಿಡಿದೆ. ಮೂರು ಎಕರೆ ಊರಿನ ಒಬ್ಬ ಹುಡುಗನಿಗೆ ಪಾಲಿಗೆ ಕೊಟ್ಟಾಯ್ತು. ಬೇಲಿ ಕಡೆಯ ಒಂದು ಎಕರೆ ನಾನೇ ಇಟ್ಟುಕೊಂಡೆ. ಮೇ ಕೊನೆಯ ವಾರ ಚಿಕ್ಕಯ್ಯ ಕೊಡಪಾನದ ಪಕ್ಕ ನಿಂತು ಡ್ರಮ್ಮಿಗೆ ಸುಣ್ಣದ ನೀರು ಹುಯ್ಯಿಸಿದರು. ಕತ್ತಿ ಅದ್ದಿ ತೆಗೆದೆ. ಕೆಂಪು ಹಿಡಿದಿತ್ತು. "ಇನ್ನೂ ಬೇಕು," ಅಂದರು. ಇನ್ನಷ್ಟು ಹುಯ್ದು, ಕತ್ತಿ ಒರೆಸಿ ಮತ್ತೆ ಅದ್ದಿದೆ. ಈ ಸಲ ಬೆಳ್ಳಗೇ ಬಂತು. "ಹಾಂ, ಈಗ ಹೊಡಿ. ನಮ್ಮ ಬೇಲಿ ಕಡೆಯಿಂದ ಶುರು ಮಾಡು," ಅಂದರು.

ನಿಮ್ಮ ತೋಟದ ಮರಗಸಿ ಆಯ್ತಾ? ಗೊತ್ತಿಲ್ಲ ಅಂದ್ರೆ ಇವತ್ತು ಸಂಜೆ ಊರಿಗೆ ಒಂದು ಫೋನ್ ಮಾಡಿ. ಮನೆಗಲ್ಲ, ಪಕ್ಕದ ತೋಟದವರಿಗೆ. ಅವರಿಗೆ ಗೊತ್ತಿರುತ್ತೆ.